ಪೆಟ್ಟಿಗೆಯೊಳಗಿನ ಉಸಿರು

ಊರು ಬಿಟ್ಟು ಊರಿಗೆ ಹೋಗಬೇಕೆಂದರೆ ಕೆಲವರಿಗೆ ಹಿಂದಿನ ದಿನದಿಂದಲೇ ಊಟ ಸೇರುವುದಿಲ್ಲ. ನಮ್ಮ ಬೀದಿಯ ಬೀಗದಣ್ಣ ಅಂಥವನು. ಬೀಗ ರಿಪೇರಿ ಮಾಡುವುದು, ಕೀಲಿ ಕಳೆದುಕೊಂಡವರಿಗೆ ಬೇರೆ ಕೀಲಿ ಮಾಡಿಕೊಡುವುದು ಅವನ ಕಸುಬು. ಕಳ್ಳತನವಾದ ಮನೆಯವರೇ ಅವನ ಅಂಗಡಿಗೆ ಬರುವವರು. ಆಗದ ಮನೆಯವರು ಯಾರೂ ಬಂದು, ನಮ್ಮಲ್ಲಿ ಏನೂ ಆಗಿಲ್ಲಪ್ಪ ಎಂದು ಹೇಳಿ ಹೋಗುವುದಿಲ್ಲ. ಹಾಗಾಗಿ ಅವನ ಪಾಲಿಗೆ ಲೋಕದ ತುಂಬ ಕಳ್ಳರೇ.

ಒಂದು ಬೆಳಿಗ್ಗೆ ಅವನ ಬೀಗರ ಮನೆಯಿಂದ ಫೋನ್ ಬಂತು. ಅಲ್ಲಿಗೆ ಮದುವೆ ಮಾಡಿಕೊಟ್ಟಿದ್ದ ಅವನ ಮಗಳು ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡಿದ್ದಳು. "ಈ ವಾರ ನಾವು ನೋಡ್ಕೋತೀವಿ, ಮುಂದಿನ ವಾರ ನೀವಿಬ್ಬರೂ ಬನ್ನಿ" ಎಂದರು.

ಬೀಗದಣ್ಣನ ಹೆಂಡತಿಗೆ ದಮ್ಮಿನ ಕಾಯಿಲೆ. ಧೂಳು ತಾಗಿದರೆ ಸಾಕು, ಎದೆಯೊಳಗೆ ಸಿಳ್ಳೆ ಹಾಕಿದಂತೆ ಸದ್ದಾಗುತ್ತದೆ. ಆಗ ಬಾಯಿಗಿಟ್ಟು ಎಳೆದುಕೊಳ್ಳಲೆಂದು ಆಸ್ಪತ್ರೆಯಲ್ಲಿ ಒಂದು ಪಂಪು ಕೊಟ್ಟಿದ್ದರು. ವಿಷಯ ತಿಳಿದು ಪಕ್ಕದ ಮನೆಯ ನರ್ಸಕ್ಕ ಬಂದಳು.

"ಅಣ್ಣಾ, ಇವತ್ತೇ ಬಸ್ ಸ್ಟ್ಯಾಂಡಿನ ಕೌಂಟರಿಗೆ ಹೋಗಿ ಸೀಟು ಮಾಡಿಸಿ. ವಾರದ ಮಧ್ಯೆ ಹೊರಟ್ರೆ ನೂಕುನುಗ್ಗಲೂ ಇರಲ್ಲ, ಎಷ್ಟೋ ಬಸ್ಸಲ್ಲಿ ಚಾರ್ಜೂ ಕಮ್ಮಿ."

"ಮುಂಚೇನೇ ದುಡ್ಡು ಕಟ್ಟೋದಾ? ಬಸ್ಸೇ ಬರ್ದಿದ್ರೆ ಯಾರ ಬಾಲ ಹಿಡೀಲಿ?"

"ಟಿಕೆಟ್ ಕೈಲಿರುತ್ತಲ್ಲ. ಅದನ್ನ ತೋರಿಸಿ ವಾಪಸ್ ಕೇಳಬಹುದು."

"ಕೇಳಬಹುದು. ಕೊಡೋದು ಬೇರೆ ಮಾತು."

ಅಷ್ಟರಲ್ಲಿ ನರ್ಸಕ್ಕನ ಕಣ್ಣು ಅಟ್ಟದಿಂದ ಇಳಿಸಿಟ್ಟಿದ್ದ ಕಬ್ಬಿಣದ ಪೆಟ್ಟಿಗೆಯ ಮೇಲೆ ಬಿತ್ತು. ಅದಕ್ಕೆ ಬೀಗದಣ್ಣ ತನ್ನ ಕೈಯಾರೆ ಮಾಡಿದ ಬೀಗ ಹಾಕಿದ್ದ.

"ಬೀಗರ ಮನೆಗೆ ಹೋಗೋಕೆ ಇಷ್ಟು ದೊಡ್ಡ ಬೀಗ ಬೇಕಾ?" ಎಂದು ನಕ್ಕಳು. "ಅದಿರಲಿ, ಹೊರಡೋ ದಿನ ಅತ್ತಿಗೆ ಪಂಪು ಎಲ್ಲಿಡ್ತೀರಿ?"

"ಅದರಲ್ಲೇ. ಭದ್ರವಾಗಿರುತ್ತೆ."

"ಬೇಡ ಅಣ್ಣಾ. ಪಂಪು ಕೈಚೀಲದಲ್ಲಿರಬೇಕು."

"ಕೈಚೀಲ ಕಿತ್ಕೊಂಡು ಓಡೋರ ಕಥೆ ದಿನಾ ಕೇಳ್ತೀನಿ ತಾಯಿ."

"ನಾನೇ ಮಡಿಲಲ್ಲಿ ಇಟ್ಕೋತೀನಿ ರೀ" ಎಂದಳು ಹೆಂಡತಿ.

"ಬಸ್ ಹತ್ತಿದ್ರೆ ನಿಂಗೆ ನಿದ್ದೆ. ನಿನ್ನನ್ನೇ ಎತ್ಕೊಂಡು ಹೋದ್ರೂ ಗೊತ್ತಾಗಲ್ಲ."

ಹೊರಡುವ ದಿನ ಅವಳು ಪಂಪನ್ನು ಅವನ ಕೈಗೇ ಕೊಟ್ಟಳು. ಅವನು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದ.

ಹೊರಟದ್ದು ಭಾನುವಾರ, ಸೀಟು ಮಾಡಿಸದೆ. ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರೋ ದಲ್ಲಾಳಿ ಬಾಯಿಗೆ ಬಂದ ರೇಟು ಹೇಳಿ ಖಾಸಗಿ ಬಸ್ಸೊಂದರಲ್ಲಿ ಕೂರಿಸಿದ. ಪೆಟ್ಟಿಗೆ ಹೊತ್ತವನಿಗೆ ಕೂಲಿ ಬೇರೆ, ಪೆಟ್ಟಿಗೆಗೆ ಲಗೇಜು ಬೇರೆ. ಇಬ್ಬರ ಜೊತೆ ಹೆದರಿಕೆಗೂ ಒಂದು ಟಿಕೆಟ್ ತೆಗೆದಂತಾಯಿತು. ಪೆಟ್ಟಿಗೆ ಬಸ್ಸಿನ ಹೊಟ್ಟೆ ಸೇರಿತು. ಅದರ ಮೇಲೆ ಊರವರ ಮೂಟೆಗಳೆಲ್ಲ ಬಿದ್ದವು.

ಮಧ್ಯಾಹ್ನದ ಹೊತ್ತಿಗೆ ರಸ್ತೆ ಅಗೆದಿದ್ದ ಜಾಗ ಬಂತು. ಕಿಟಕಿಯಿಂದ ಧೂಳು ನುಗ್ಗಿತು. ಹೆಂಡತಿ ಕೆಮ್ಮಿದಳು. ಅವನು ನೀರು ಕೊಟ್ಟ. ಅವಳು ಗುಟುಕರಿಸಲಾಗದೆ ಕೈ ಅಡ್ಡ ಹಿಡಿದಳು. ಆಮೇಲೆ ಆ ಸಿಳ್ಳೆ ಶುರುವಾಯಿತು. ಮೊದಲು ಸಣ್ಣಗೆ, ಆಮೇಲೆ ಹಿಂದಿನ ಸೀಟಿನವರಿಗೂ ಕೇಳುವಷ್ಟು.

"ಪಂಪು" ಎಂದಳು. ಅಷ್ಟು ಹೇಳಲೂ ಉಸಿರು ಸಾಲಲಿಲ್ಲ.

ಬೀಗದಣ್ಣ ಎದ್ದು ಓಡಿದ. "ಬಸ್ ನಿಲ್ಸಿ ಸ್ವಾಮಿ, ಔಷಧಿ ಡಿಕ್ಕೀಲಿದೆ."

"ಸೇತುವೆ ಮೇಲಿದ್ದೀವಿ, ಹಿಂದೆ ಲಾರಿ ಸಾಲು. ದಾಟಿದ ತಕ್ಷಣ ನಿಲ್ಲಿಸ್ತೀನಿ" ಎಂದ ಡ್ರೈವರ್.

ಆ ಸೇತುವೆ ಮುಗಿಯುವಂತೆ ಕಾಣಲಿಲ್ಲ. ಕಂಬ ಹೋದರೆ ಮತ್ತೊಂದು ಕಂಬ. ಹೆಂಡತಿಯ ತುಟಿ ನೀಲಿಗಟ್ಟುತ್ತಿತ್ತು. ಎರಡೂ ಕೈಯಲ್ಲಿ ಮುಂದಿನ ಸೀಟು ಹಿಡಿದು ಬಾಗಿದ್ದಳು. ಕಣ್ಣು ಮಾತ್ರ ಗಂಡನ ಮೇಲಿತ್ತು.

ಬಸ್ಸು ನಿಂತಿತು. ಗಂಡಸರು ಇಳಿದು ಮೂಟೆಗಳನ್ನು ರಸ್ತೆಗೆ ಎಳೆದು ಹಾಕಿದರು. ಪೆಟ್ಟಿಗೆ ಸಿಕ್ಕಿತು. ಬೀದಿಯವರ ಬೀಗವನ್ನೆಲ್ಲ ಕಣ್ಮುಚ್ಚಿ ತೆಗೆಯುತ್ತಿದ್ದವನಿಗೆ ತನ್ನ ಬೀಗದ ತೂತು ಕಾಣಿಸಲಿಲ್ಲ. ಅವಸರದಲ್ಲಿ ತುರುಕಿದ ಕೀಲಿ ಅಡ್ಡಡ್ಡ ಹೋಗಿ ಒಳಗೇ ಮುರಿಯಿತು. ಡ್ರೈವರ್ ಕೊಟ್ಟ ಜಾಕಿ ರಾಡಿನಿಂದ ಹೊಡೆದ, ಹೊಡೆದ. ಒಡೆಯಲಿಲ್ಲ. ಅಳುತ್ತಲೇ ಮತ್ತೆ ಹೊಡೆದ. ಕೊನೆಗೆ ಬೀಗವಲ್ಲ, ಪೆಟ್ಟಿಗೆಯ ಚಿಲಕವೇ ಕಿತ್ತು ಬಂತು.

ಪಂಪು ಬಾಯಿಗೆ ಸೇರಿತು. ಸಿಳ್ಳೆ ಸ್ವಲ್ಪ ಇಳಿಯಿತು, ನಿಲ್ಲಲಿಲ್ಲ. ಮುಂದಿನ ಊರಿನ ಆಸ್ಪತ್ರೆಗೇ ಬಸ್ಸು ಹೋಯಿತು. ಅಲ್ಲಿನ ಡಾಕ್ಟರು ಅವಳಿಗೆ ಉಸಿರಿನ ಮಾಸ್ಕ್ ಹಾಕಿ, "ಇನ್ನೊಂಚೂರು ತಡ ಆಗಿದ್ರೆ ಉಳೀತಿರಲಿಲ್ಲ" ಎಂದರು.

ಸಂಜೆಗೆ ಹೆಂಡತಿ ಮೊದಲ ಮಾತಾಡಿದಳು. "ಒಳ್ಳೆ ಬೀಗ ರೀ. ಕಳ್ಳನಿಗಿಂತ ಮೊದಲು ನನ್ನೇ ತಡೀತು."

ಬೀಗದಣ್ಣನಿಗೆ ನಗು ಬರಲಿಲ್ಲ. ಹೊರಗೆ ಬಂದು ನರ್ಸಕ್ಕನಿಗೆ ಫೋನ್ ಮಾಡಿದ. "ಬೈಯಮ್ಮ, ಬೈದು ಆಮೇಲೆ ದಾರಿ ಹೇಳು."

ಅವಳು ಬೈಯಲಿಲ್ಲ. "ಬರುವಾಗ ಪೆಟ್ಟಿಗೆ ಅಲ್ಲೇ ಬಿಟ್ಟುಬಿಡಿ. ಹೊತ್ತು ನಡೆಯೋಕಾಗೋಷ್ಟೇ ಸಾಮಾನು ತನ್ನಿ, ಕೂಲಿನೂ ಉಳಿಯುತ್ತೆ. ದುಡ್ಡು ನಿಮ್ಮ ಹತ್ರ ಸ್ವಲ್ಪ, ಅತ್ತಿಗೆ ಹತ್ರ ಸ್ವಲ್ಪ. ಹೋದ್ರೆ ಒಂದು ಕಡೇದು ಹೋಗುತ್ತೆ, ಎಲ್ಲಾ ಹೋಗಲ್ಲ. ಬುತ್ತಿ, ನೀರು ಮನೆಯಿಂದಲೇ. ಆಟೋ ಹತ್ತೋಕೆ ಮುಂಚೆ ರೇಟು ಕೇಳಿ. ಅತ್ತಿಗೆ ಮೂಗಿಗೆ ಬಟ್ಟೆ ಕಟ್ಕೊಳ್ಳಲಿ."

"ಸೀಟು?"

"ಕೌಂಟರಲ್ಲಿ. ಮುಂಚೇನೇ."

"ಬಸ್ ಬರ್ದಿದ್ರೆ..." ಎಂದವನು ತಾನೇ ತಡೆದುಕೊಂಡ. "ಆಯ್ತು ಕಣಮ್ಮ, ಮಾಡಿಸ್ತೀನಿ."

ಆಸ್ಪತ್ರೆಯಿಂದ ಮಗಳ ಮನೆ ಸೇರಿ, ಅವಳು ಎದ್ದು ಓಡಾಡುವಂತಾದ ಮೇಲೆ ಅವರು ಬುಧವಾರ ಹಗಲಿನ ಬಸ್ಸಿಗೆ ಮರಳಿ ಬಂದರು. ಹೋಗುವಾಗ ಆದ ಖರ್ಚಿನಲ್ಲಿ ಅರ್ಧವೂ ಆಗಲಿಲ್ಲ. ದಾರಿಯುದ್ದಕ್ಕೂ ಪಂಪು ಹೆಂಡತಿಯ ಮುಷ್ಟಿಯಲ್ಲೇ ಇತ್ತಂತೆ. ಆ ಧೂಳಿನ ಜಾಗ ಬಂದಾಗ ಬೀಗದಣ್ಣ ಅವಳ ಮುಷ್ಟಿಯ ಮೇಲೆ ತನ್ನ ಕೈ ಇಟ್ಟುಕೊಂಡು ಕೂತಿದ್ದನಂತೆ.

ಓದುತ್ತಿರುವ ತಾಯಂದಿರೆ, ಅಣ್ಣತಮ್ಮಂದಿರೆ, ಕಳ್ಳರ ಭಯ ಸುಳ್ಳಲ್ಲ. ಆದರೆ ಕಳೆದುಹೋದ ದುಡ್ಡನ್ನು ಮತ್ತೆ ದುಡಿಯಬಹುದು. ದಮ್ಮಾಗಲಿ, ಸಕ್ಕರೆ ಕಾಯಿಲೆಯಾಗಲಿ, ಎದೆನೋವಾಗಲಿ, ನಿಮ್ಮ ಮನೆಯವರ ಔಷಧಿಯನ್ನು ಡಿಕ್ಕಿಗೆ ಹಾಕಬೇಡಿ, ಟಾಪಿಗೆ ಏರಿಸಬೇಡಿ. ಮುಂದಿನ ಸಲ ಬಸ್ಸೋ ರೈಲೋ ಹತ್ತಿ ಕೂತ ಕೂಡಲೇ ಒಮ್ಮೆ ಕೈ ಚಾಚಿ ನೋಡಿ. ಔಷಧಿ ಕೈಗೆ ಸಿಗದಿದ್ದರೆ, ನಾಚಿಕೊಳ್ಳಬೇಡಿ. ಗಾಡಿ ಹೊರಡುವ ಮೊದಲೇ ಇಳಿದು ತೆಗೆದುಕೊಳ್ಳಿ.