ಹಸಿಗೂಸಿಗೆ ಎರೆಯುವ ಆಸೆ

"ಕೈ ಕೊಡೇ ಮಾರಾಯ್ತಿ, ಏಳಕ್ಕಾಗ್ತಿಲ್ಲ!"

ಪಕ್ಕದ ಮನೆಯ ಸುಭದ್ರಕ್ಕ ಅಡುಗೆಮನೆಯಿಂದ ಕೂಗಿದಾಗ ನಾನು ಹಿಟ್ಟಿನ ಕೈಯಲ್ಲೇ ಓಡಿದೆ. ಮುಟ್ಟು ನಿಂತ ಮೇಲೆ ಆಕೆಗೆ ಸೊಂಟನೋವು ಶುರುವಾಗಿತ್ತು, ತೊಡೆಯಲ್ಲಿ ಬಲವಿರಲಿಲ್ಲ. ಶಿವಮೊಗ್ಗದ ನಮ್ಮ ಬೀದಿಯ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡವು; ಒಳಗೆ ಹಗಲಲ್ಲೂ ದೀಪ ಬೇಕು. ಆಕೆ ಹೊರಗೆ ಬರುವುದೇ ಅಪರೂಪ.

"ಆಸ್ಪತ್ರೆಗೆ ಹೋಗೋಣ ಅಂದ್ರೆ ಕೇಳಲ್ವಲ್ಲಕ್ಕ ನೀನು!" ಎಂದು ಗದರಿದೆ.

ಆಕೆ ಕಣ್ಣೊರೆಸಿಕೊಂಡಳು. "ಭದ್ರಾವತಿಯಿಂದ ಬೀಗರು ಹೇಳಿಕಳ್ಸಿದಾರೆ. ದಾಕ್ಷಾಯಣಿ ಬಾಣಂತನ ಅವರೇ ಮಾಡ್ತಾರಂತೆ, ನನ್ನ ಕೈಲಿ ಆಗಲ್ವಂತೆ. ಮಗಳ ಚೊಚ್ಚಲ ಹೆರಿಗೆ ಕಣೇ! ಕಾಲು ಚಾಚಿ ಕೂತು, ಕಾಲ ಮೇಲೆ ಹಸಿಗೂಸನ್ನ ಮಲಗಿಸ್ಕೊಂಡು ನಾನೇ ಎರೀಬೇಕು. ನನಗೆ ಬೇರೆ ಆಸೆ ಇಲ್ಲ."

ಆಕೆಯ ಗಂಡ ಶಿವಯೋಗಪ್ಪನವರು ಜಗಲಿಯಿಂದಲೇ, "ವಯಸ್ಸಾದ ಮೇಲೆ ಮೂಳೆ ನೋಯೋದು ಇದ್ದದ್ದೇ" ಎಂದರು.

ನನಗೆ ಮೈ ಉರಿಯಿತು. "ನಿಮ್ಮ ಸೈಕಲ್ ಚಕ್ರ ಸೊಟ್ಟಗಾದ್ರೆ ಅವತ್ತೇ ರಿಪೇರಿಗೆ ಓಡ್ತೀರಲ್ಲ!" ಎಂದು ಜಟಕಾ ಕರೆಸಿದೆ. ಅವರೂ ಗೊಣಗುತ್ತ ಹತ್ತಿದರು.

ಡಾಕ್ಟರಮ್ಮ ಪರೀಕ್ಷೆ ಮಾಡಿದರು. ಮೈಗೆ ಬಿಸಿಲು ಸಾಲದೆ ಮೂಳೆ ಮೆತ್ತಗಾಗಿದೆ, ಸ್ನಾಯು ಸೋತಿದೆ ಎಂದರು. ಹಾಲು, ರಾಗಿ, ಸೊಪ್ಪು ತಿನ್ನಲು ಹೇಳಿ, ನೇರಳಾತೀತ ಕಿರಣದ ದೀಪದ ಮುಂದೆ ಕೂರಿಸುತ್ತೇವೆ ಎಂದರು.

"ಕರೆಂಟ್ ಹಿಡಿಸ್ತೀರಾ?" ಶಿವಯೋಗಪ್ಪನವರು ಗಾಬರಿಯಾದರು.

ನರ್ಸ್ ವಸಂತಮ್ಮ ನಕ್ಕರು. "ಇಲ್ಲ ಯಜಮಾನ್ರೇ. ಬಿಸಿಲಲ್ಲಿ ಕಣ್ಣಿಗೆ ಕಾಣದ ಕಿರಣ ಇರತ್ತೆ, ಈ ದೀಪದಲ್ಲೂ ಅದೇ ಬರೋದು. ಚರ್ಮಕ್ಕೆ ಬಿದ್ರೆ ಮೈಯಲ್ಲಿ ಡಿ ವಿಟಮಿನ್ ಆಗತ್ತೆ. ಆಗ ತಿಂದ ಸುಣ್ಣದಂಶ ಮೂಳೆಗೆ ಸೇರತ್ತೆ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ಸ್ವಲ್ಪ ಹೊತ್ತು ಮಾತ್ರ ಕೊಡ್ತೀವಿ. ಕೋಣೆಗೆ ಗಂಡಸರು ಬರಲ್ಲ. ಮನೇಲೂ ಬೆಳಗ್ಗೆ ಬಿಸಿಲೇರಿದ ಮೇಲೆ ಒಂಚೂರು ಹೊತ್ತು ಕೂತ್ಕೊಳ್ಳಿ."

ಆ ವಾರವೇ ವಸಂತಮ್ಮ ನಮ್ಮ ಬೀದಿಗೆ ಬಂದವರು ಸುಭದ್ರಕ್ಕನ ಹಿತ್ತಲಿಗೂ ಇಣುಕಿದರು. ಅಕ್ಕ ತಲೆತುಂಬ ಸೆರಗು, ತುಂಬುತೋಳಿನ ರವಿಕೆ, ಕಾಲಿಗೆ ಕಂಬಳಿ ಹೊದ್ದು ಬೆವರುತ್ತಿದ್ದಳು.

"ಇದೇನ್ ಸುಭದ್ರಮ್ನೋರೇ, ಬಿಸಿಲು ನಿಮಗೋ ಕಂಬಳಿಗೋ?"

"ಶಾಖ ತಾಗಿದ್ರೆ ಸಾಕಲ್ವೇನಮ್ಮ? ಬಾಣಂತಿಗೆ ಕೊಡ್ತೀವಲ್ಲ, ಹಾಗೆ."

"ಇದು ಶಾಖ ಅಲ್ಲಮ್ಮ, ಬೆಳಕು. ಚರ್ಮಕ್ಕೇ ಬೀಳ್ಬೇಕು. ತೋಳು, ಕಾಲು ಬಿಟ್ಕೊಂಡು ಕೂತ್ಕೊಳ್ಳಿ."

"ಅಯ್ಯೋ, ಹಿಂದಿನ ಮನೆಯೋರು ನೋಡ್ತಾರೆ!"

ಶಿವಯೋಗಪ್ಪನವರು ಒಳಗಿಂದ ಎಲ್ಲ ಕೇಳಿಸಿಕೊಂಡರು. ಸಂಜೆ ಬಿದಿರ ತಟ್ಟಿ ತಂದು ಹಿತ್ತಲಿಗೆ ಮರೆ ಕಟ್ಟಿದರು. "ಧೈರ್ಯವಾಗಿ ಕೂತ್ಕೋ. ಆಸ್ಪತ್ರೆಗೂ ಇನ್ಮೇಲೆ ನಾನೇ ಕರ್ಕೊಂಡು ಹೋಗ್ತೀನಿ" ಎಂದರು.

ಆದರೆ ಮೂಳೆಗೆ ಬಲ ಬರಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ಭದ್ರಾವತಿಯಲ್ಲೇ ಹೆರಿಗೆಯಾಯಿತು, ಹೆಣ್ಣುಮಗು. ಆ ದಿನ ಸುಭದ್ರಕ್ಕ ಬಚ್ಚಲುಮನೆಯಲ್ಲಿ ಒಬ್ಬಳೇ ನಿಂತು ಅತ್ತಳು. ದೀಪದ ಚಿಕಿತ್ಸೆಯನ್ನು ಮಾತ್ರ ಬಿಡಲಿಲ್ಲ.

ಕೂಸಿಗೆ ಐದು ತಿಂಗಳಾದಾಗ ದಾಕ್ಷಾಯಣಿ ತವರಿಗೆ ಬಂದಳು. ಸುಭದ್ರಕ್ಕ ಕಾಲು ಚಾಚಿ ಕೂತು ಮೊಮ್ಮಗಳಿಗೆ ಎರೆದಳು. ಕೂಸನ್ನು ಮಗಳ ಕೈಗೆ ಕೊಟ್ಟು, ಗೋಡೆ ಹಿಡಿದು ತಾನೇ ಎದ್ದಳು.

"ಗೆದ್ದೆ ಬಿಡಕ್ಕ!" ಎಂದೆ.

"ಹೂಂ ಕಣೇ. ಆದ್ರೆ ಹಸಿಗೂಸಿಗೆ ಎರೆಯೋದು ನನಗೆ ಸಿಗಲೇ ಇಲ್ಲ. ನೋವು ಶುರುವಾದಾಗ್ಲೇ ಹೋಗಿದ್ರೆ ಸಿಗ್ತಿತ್ತೋ ಏನೋ."

ಅಕ್ಕಂದಿರೇ, ಮುಟ್ಟು ನಿಂತ ಮೇಲೆ ಸೊಂಟ, ತೊಡೆ ನೋಯುತ್ತಿವೆಯೇ? ಕೂತರೆ ಏಳಲು ಕಷ್ಟವೇ? ವಯಸ್ಸು ಎಂದು ಸುಮ್ಮನಿರಬೇಡಿ. ಎಲ್ಲ ನೋವಿಗೂ ಈ ದೀಪವೇ ಮದ್ದಲ್ಲ, ಡಾಕ್ಟರು ನೋಡಿ ಹೇಳಲಿ. ಅವರು ಹೇಳದೆ ದೀಪದ ಮುಂದೆ ಕೂರಬೇಡಿ. ಆದರೆ ಹೋಗುವುದನ್ನು ಮುಂದೂಡಬೇಡಿ. ಅಜ್ಜಿಯ ಸೊಂಟ ವಾಸಿಯಾಗಲಿ ಎಂದು ಯಾವ ಕೂಸೂ ಹೊಟ್ಟೆಯಲ್ಲಿ ಕಾದು ಕೂರುವುದಿಲ್ಲ.