ಚಕ್ರಕ್ಕೆ ಅಡ್ಡ

ಬೆಳಗ್ಗೆಯಿಂದ ವೆಲ್ಡಾ ರಸ್ತೆ ಬದಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಳು. ಕೇಳಿದವರು ಮುದುಕಿಗೆ ಮಾತಿನ ಚಪಲ ಅಂದುಕೊಳ್ಳಬೇಕು, ಹಾಗೆ. "ಆ ಕೆಂಪು ಬೆಟ್ಟ ನೋಡು ಓರಿನ್, ಎಷ್ಟು ಚೆನ್ನಾಗಿದೆ! ಮುಂದೆ ಎಡಕ್ಕಂತೆ" ಎನ್ನುವಳು. ಗಂಡ ಪಿಕಪ್ಪನ್ನು ಎಡಕ್ಕೆ ತಿರುಗಿಸುವನು. ಬೆನ್ನಿಗೆ ಕಟ್ಟಿದ ಟ್ರೈಲರೂ ಓಲಾಡುತ್ತ ತಿರುಗುವುದು. ಹೇಳದಿದ್ದರೆ ಅವನು ತಿರುವನ್ನೇ ಮರೆತು ನೇರ ಹೋಗಿಬಿಡುತ್ತಾನೆ ಎನ್ನುವುದು ಅವಳೊಬ್ಬಳಿಗೇ ಗೊತ್ತಿತ್ತು.

ಒಬ್ಬಳಿಗೇ ಅಂದರೆ ಸುಳ್ಳು. ರೀನೋದಲ್ಲಿದ್ದ ಮಗಳು ಮಾರ್ಲಿಸ್‌ಗೂ ವಾಸನೆ ಬಡಿದಿತ್ತು. "ಇನ್ನೊಂದು ಸಲ ಏನಾದ್ರೂ ಹೆಚ್ಚುಕಮ್ಮಿ ಆಗ್ಲಿ ಮಮ್ಮಿ, ಡ್ಯಾಡಿನ ಮರೆವಿನವರ ಹೋಮಿಗೆ ಸೇರಿಸ್ತೀನಿ. ನೀನು ನನ್ನ ಹತ್ರ ಬಂದಿರು" ಎಂದು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು. ಮುದುಕ ಮುದುಕಿಯನ್ನು ಬೇರೆ ಮಾಡುವುದಕ್ಕೆ ಎಷ್ಟು ಸಲೀಸು ಮಾತು! ವೆಲ್ಡಾಗೆ ಮೈಯೆಲ್ಲ ಉರಿದಿತ್ತು. ಇದ್ದ ಮನೆ ಮಾರಿ ಕೊಂಡದ್ದು ಈ ಟ್ರೈಲರ್; ಒಲೆ, ಹಾಸಿಗೆಯೆಲ್ಲ ಒಳಗೇ ಇರುವ ಗಾಲಿಮನೆ. ಚಳಿಗಾಲಕ್ಕೆ ಮರುಭೂಮಿ, ಬೇಸಿಗೆಗೆ ಬೆಟ್ಟ. ಅದು ಇರುವಷ್ಟು ದಿನ ಇಬ್ಬರೂ ಒಟ್ಟಿಗಿರಬಹುದು.

ನೆವಾಡಾದ ಆ ಘಾಟಿಯ ನಡುವೆ ಟ್ರೈಲರುಗಳು ಇಲ್ಲಿಂದ ಮೇಲೆ ಹೋಗುವಂತಿಲ್ಲ ಎಂಬ ಬೋರ್ಡಿತ್ತು. ಟ್ರೈಲರನ್ನು ಪಕ್ಕದ ಇಳಿಜಾರು ಬಯಲಲ್ಲಿ ಬಿಚ್ಚಿಟ್ಟು, ಬರೀ ಪಿಕಪ್ಪಿನಲ್ಲಿ ಶಿಖರಕ್ಕೆ ಹೋಗಿ, ಸಾವಿರಾರು ವರ್ಷದ ಪೈನ್ ಮರಗಳನ್ನು ನೋಡಿ ಬರುವುದೆಂದು ಓರಿನ್ನನ ಆಸೆ. ಬಿಚ್ಚುವ ಕೆಲಸದಲ್ಲಿ ಪಾಲು ಮೊದಲಿಂದ ಗಟ್ಟಿ: ಉರುಳದಂತೆ ಟ್ರೈಲರಿನ ಚಕ್ರಕ್ಕೆ ಮರದ ತುಂಡು ಅಡ್ಡ ಕೊಡುವುದು ಅವನದು, ಸರಪಳಿ ತೆಗೆದು ಕೊಂಡಿ ಎತ್ತುವುದು ಅವಳದು.

"ಅಡ್ಡ ಕೊಟ್ಯಾ?"

"ಕೊಟ್ಟೆ ಕಣೇ. ಇವತ್ತು ನಿನ್ನೆಯಿಂದ ಕೊಡ್ತಾ ಇದೀನಾ?"

ಒಮ್ಮೆ ನೋಡಿಬಿಡೋಣ ಎಂದು ವೆಲ್ಡಾ ಹೆಜ್ಜೆಯಿಟ್ಟಳು. ಓರಿನ್ ಕೈಯ ದೂಳು ಕೊಡವುತ್ತ ಅವಳನ್ನೇ ನೋಡುತ್ತಿದ್ದ. ಬೆಳಗ್ಗೆ ಅವನು ಆರಿಸಿದ ಗ್ಯಾಸನ್ನು ಅವಳು ಮತ್ತೆ ಮುಟ್ಟಿ ನೋಡುವಾಗ ಸಿಕ್ಕಿಬಿದ್ದಿದ್ದಳು. "ನಾನೇನು ಮಗುನಾ? ಮಾಡಿದ್ದನ್ನೆಲ್ಲ ಹಿಂದಿಂದ ಬಂದು ನೋಡ್ತೀಯಲ್ಲ!" ಎಂದು ಕೂಗಾಡಿದವನ ಕಣ್ಣಲ್ಲಿ ನೀರು ತುಂಬಿತ್ತು. ಕೂಗಾಟವನ್ನಾದರೂ ತಡೆದುಕೊಳ್ಳಬಹುದು, ಆ ನೀರನ್ನು ಇನ್ನೊಮ್ಮೆ ನೋಡುವ ಶಕ್ತಿ ಅವಳಿಗಿರಲಿಲ್ಲ. ಹಿಂದಕ್ಕೆ ಬಂದು ಸರಪಳಿ ತೆಗೆದಳು, ಕೊಂಡಿ ಎತ್ತಲು ಜಾಕಿ ತಿರುಗಿಸಿದಳು.

ಕೊಂಡಿ ಬಿಟ್ಟುಕೊಂಡದ್ದೇ ತಡ, ಟ್ರೈಲರ್ ಹಿಂದಕ್ಕೆ ಸರಿಯಿತು. ಮೊದಲು ಮೆಲ್ಲಗೆ. ವೆಲ್ಡಾ ಎರಡು ಕೈಯಲ್ಲೂ ಹಿಡಿದು ಎಳೆದಳು; ಹುಚ್ಚು ಮುದುಕಿ, ಮನೆಯನ್ನು ಕೈಯಲ್ಲಿ ಹಿಡಿದು ನಿಲ್ಲಿಸಲಾದೀತೇ? ಅದು ಸೇಜ್ ಪೊದೆಗಳನ್ನು ತುಳಿದುಕೊಂಡು ಹೋಗಿ ಕಣಿವೆಯ ಅಂಚಿನಾಚೆ ಮರೆಯಾಯಿತು. ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಮರದ ತುಂಡುಗಳು ಅಲ್ಲೇ ಇದ್ದವು. ಪಿಕಪ್ಪಿನ ಚಕ್ರಗಳಿಗೆ, ಎರಡೂ ಕಡೆ, ಅಚ್ಚುಕಟ್ಟಾಗಿ ಒದ್ದು ಬಿಗಿ ಮಾಡಿಟ್ಟಿದ್ದ.

"ನಾನು ಕೊಟ್ಟಿದ್ದೆ ವೆಲ್ಡಾ" ಎಂದ ಓರಿನ್.

"ಹೌದಪ್ಪ, ಕೊಟ್ಟಿದ್ದೆ. ನಾನೇ ಗಡಿಬಿಡಿಯಲ್ಲಿ ಏನೋ ಎಡವಟ್ಟು ಮಾಡ್ದೆ."

ನಂಬಿಬಿಟ್ಟ, ಪುಣ್ಯಾತ್ಮ. "ಎಷ್ಟು ಸಲ ಹೇಳಿದೀನಿ, ಅವಸರ ಮಾಡ್ಬೇಡ ಅಂತ" ಎಂದು ಸ್ವಲ್ಪ ಬೈದ. ವೆಲ್ಡಾ ಅಂಚಿಗೆ ಹೋಗಿ ಇಣುಕಿದಳು. ತುಂಬಾ ಕೆಳಗೆ ಟ್ರೈಲರ್ ಮಗ್ಗುಲಾಗಿ ಒಡೆದು ಬಿದ್ದಿತ್ತು. ಅವರ ಹಾಸಿಗೆ ಬಂಡೆಯ ಮೇಲೆ ಬಿಸಿಲಿಗೆ ಹರವಿದಂತೆ ಬಿದ್ದಿತ್ತು. ಇನ್ನು ಮಾರ್ಲಿಸ್‌ಗೆ ಹೇಳಲು ಅವಳಲ್ಲಿ ಒಂದು ಮಾತೂ ಉಳಿದಿರಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತಳು.

ಅವಳು ಎಷ್ಟು ಹೊತ್ತು ಹಾಗೆ ಕುಳಿತಿದ್ದಳೋ. ಓರಿನ್ ಬಂದು ಭುಜ ಮುಟ್ಟಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿಯೂ ಇರಲಿಲ್ಲ.

"ಮುಖ ಬಿಳಿಚಿಕೊಂಡಿದೆಯಲ್ಲೇ! ಬಿಸಿಲು ಬಡಿದಿದೆ ನಿಂಗೆ. ಒಳಗೆ ಹೋಗಿ ಸ್ವಲ್ಪ ಮಲಕೋ, ಕಾಫಿ ನಾನೇ ಮಾಡ್ತೀನಿ."

ಪಿಕಪ್ಪಿನ ಹಿಂದೆ, ಟ್ರೈಲರ್ ಇದ್ದ ಖಾಲಿ ಜಾಗದಲ್ಲಿ ನಿಂತು ಜೇಬುಗಳನ್ನು ಒಂದೊಂದಾಗಿ ತಡಕಿದ.

"ಬಾಗಿಲ ಕೀ ನಿನ್ನ ಹತ್ರ ಇದೆಯಾ?"

"ಇದೆ" ಎಂದಳು ವೆಲ್ಡಾ.