ಫೋಟೋದಲ್ಲಿ ನಾಲ್ಕು ಬೆರಳು

ಬ್ರಾಹಿಂ ನನ್ನನ್ನು ಆರಿಸಿಕೊಂಡದ್ದು ನಾನು ಹೊರಗಿನವಳು ಎಂಬ ಒಂದೇ ಕಾರಣಕ್ಕೆ.

"ನಮ್ಮವರು ಫೋನಲ್ಲಿ ಯಾವಾಗಲೂ ಅಮ್ಮ ಚೆನ್ನಾಗಿದ್ದಾಳೆ ಅಂತಲೇ ಹೇಳ್ತಾರೆ ಸಿಸ್ಟರ್. ನಿಮಗೆ ಸುಳ್ಳು ಹೇಳೋ ಕಾರಣ ಇಲ್ಲ. ನೋಡಿ ಬಂದು, ಇದ್ದದ್ದು ಇದ್ದ ಹಾಗೆ ಹೇಳಿ," ಎಂದು ಇಂಗ್ಲಿಷಿನಲ್ಲಿ ಕೇಳಿಕೊಂಡ.

ಮಿಸಿಸಾಗದ ಏರ್‌ಪೋರ್ಟಿನ ಹತ್ತಿರ, ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯಲ್ಲಿ ನಮ್ಮಿಬ್ಬರದು ಒಂದೇ ಶಿಫ್ಟು. ಧಾರವಾಡದಲ್ಲಿ ಎಂ.ಎ. ಮಾಡಿದ ನಾನು ಟ್ರೇಯಲ್ಲಿ ಬನ್ನು ಇಡುತ್ತಿದ್ದೆ, ಮೊರಾಕ್ಕೋದ ಬೆಟ್ಟದೂರಿನ ಬ್ರಾಹಿಂ ಪಕ್ಕದಲ್ಲಿ ಬೆಣ್ಣೆ ಇಡುತ್ತಿದ್ದ. ಕಾಯಂ ವಾಸದ ಕಾಗದಕ್ಕೆ ಅರ್ಜಿ ಹಾಕಿ ಮೂರು ವರ್ಷದಿಂದ ಕಾದು ಕೂತಿದ್ದ. ಮಧ್ಯೆ ದೇಶ ಬಿಟ್ಟರೆ ಮತ್ತೆ ಒಳಗೆ ಬರುವ ಹಾಗಿಲ್ಲ. ಆದರೂ ಅಮ್ಮನಿಗೆ ಕಷ್ಟವಿದೆ ಎಂದು ಗೊತ್ತಾದರೆ ಎಲ್ಲ ಬಿಟ್ಟು ಹೋಗುವವನೇ.

ಅದು ೨೦೦೪. ನನ್ನ ಗಂಡ ಪ್ರಮೋದನನ್ನು ಅವನ ಆಫೀಸು ಒಂದು ಕಾನ್ಫರೆನ್ಸಿಗೆಂದು ಮೊರಾಕ್ಕೋದ ಮರಾಕೇಶಿಗೆ ಕಳಿಸಿತು. ನಾನೂ ಬೆನ್ನು ಹತ್ತಿ ಹೋದೆ. ಖಾಲಿ ಇದ್ದ ಒಂದು ದಿನಕ್ಕೆ ಹೋಟೆಲಿನವರು ಬೆಟ್ಟದ ಬರ್ಬರ್ ಜನರ ಹಳ್ಳಿಗಳ ಪ್ರವಾಸ ಮಾರುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ ಬರ್ಬರ್ ಸಂಸ್ಕೃತಿ ಶುರು, ಸಂಜೆ ಐದಕ್ಕೆ ಮುಕ್ತಾಯ. ಒಂದು ಮನೆಯಲ್ಲಿ ಪುದೀನಾ ಚಹಾ ಕೊಟ್ಟರು, ಇನ್ನೊಂದರಲ್ಲಿ ಹೆಂಗಸೊಬ್ಬಳು ನಮಗಾಗಿಯೇ ರೊಟ್ಟಿ ತಟ್ಟಿ ತೋರಿಸಿದಳು. "ಇದನ್ನ ನೋಡ್ಲಿಕ್ಕೆ ಇಷ್ಟು ದೂರ ಬರಬೇಕಾಗಿತ್ತೇನು? ನಿಮ್ಮವ್ವ ಇದಕಿಂತ ತೆಳ್ಳಗ ಬಡೀತಾಳ," ಎಂದ ಪ್ರಮೋದ. ಸಾಲದ್ದಕ್ಕೆ ಆಮೇಲೆ ಒಂದು ಕಂಬಳಿಯನ್ನೂ ಕೊಂಡ.

ಬ್ರಾಹಿಂ ಬರೆದುಕೊಟ್ಟ ಚೀಟಿ ತೋರಿಸಿ, ಗೈಡಿನ ಕೈಕಾಲು ಹಿಡಿದು, ಅವನ ಊರಲ್ಲಿ ವ್ಯಾನು ನಿಲ್ಲಿಸಿಕೊಂಡೆ. ಅಕ್ರೋಟು ಮರದ ಎದುರಿಗೆ ನೀಲಿ ಬಾಗಿಲು. ಒಳಗೆ ಅವನ ಅಮ್ಮ ಮಲಗಿದ್ದಳು. ಅರ್ಧ ಆಳಾಗಿದ್ದಳು. ಎದ್ದು ತಿಂಗಳಾಯಿತಂತೆ, ಡಾಕ್ಟರು ಕೈಬಿಟ್ಟಿದ್ದಾರಂತೆ. ಗೈಡು ಇದನ್ನೆಲ್ಲ ಗಡಿಯಾರ ನೋಡುತ್ತ ಹೇಳಿದ. ಮುಂದಿನ ಜಾಗ ಜಲಪಾತವಾಗಿತ್ತು.

ಅವಳು ನನ್ನ ಮಣಿಕಟ್ಟು ಹಿಡಿದು ಏನೋ ಹೇಳಿದಳು. ಗೈಡಿನ ದನಿ ತಗ್ಗಿತು. "ಮಗನಿಗೆ ಹೇಳಬೇಡ ಅಂತಾಳೆ. ಹೇಳಿದರೆ ಓಡಿ ಬರ್ತಾನೆ, ಬಂದರೆ ಅವನ ಬಾಳು ಹಾಳು ಅಂತಾಳೆ."

ನಾನು ತಲೆಯಾಡಿಸುವವರೆಗೂ ಅವಳು ಕೈ ಬಿಡಲಿಲ್ಲ.

ಆಮೇಲೆ ತಾನೇ ಫೋಟೋ ತೆಗೆಯಲು ಹೇಳಿ, ಅಲ್ಲೇ ಇದ್ದ ತನ್ನ ತಂಗಿಯಿಂದ ತಲೆಗೆ ಹೊಸ ವಸ್ತ್ರ ಕಟ್ಟಿಸಿಕೊಂಡಳು. ಕೂರಿಸಿದರೆ ಕೂರಲಾರಳು. ನಾನೇ ಹಿಂದೆ ಬಗ್ಗಿ ಕೂತು, ಭುಜಕ್ಕೆ ಕೈ ಕೊಟ್ಟು ಹಿಡಿದೆ. ಪ್ರಮೋದ ಕ್ಲಿಕ್ ಮಾಡಿದ. ಫೋಟೋದಲ್ಲಿ ಅವಳು ಗಟ್ಟಿಮುಟ್ಟಾಗಿ ನಗುತ್ತಿದ್ದಳು.

ಇಂಥ ಸುಳ್ಳು ನನಗೆ ಹೊಸದಲ್ಲ. ತೊಂಬತ್ತೆಂಟರಲ್ಲಿ, ನಾನು ಏಳು ತಿಂಗಳ ಬಸುರಿ ಇದ್ದಾಗ, ಅಪ್ಪನಿಗೆ ಫೋನು ಕೊಡು ಎಂದಾಗಲೆಲ್ಲ ಅಣ್ಣ ದಾನಪ್ಪ, "ಆರಾಮ ಅದಾರ, ಮಲಗ್ಯಾರ," ಎನ್ನುತ್ತಿದ್ದ. ಅಪ್ಪ ಸತ್ತ ಸುದ್ದಿ ನನಗೆ ತಿಳಿದದ್ದು ಹೆರಿಗೆಯಾದ ಮೇಲೆ. ಅಣ್ಣನನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ವಾಪಸು ಬರುವಾಗ ವಿಮಾನದಲ್ಲಿ ದಾರಿಯುದ್ದಕ್ಕೂ ನಿಜ ಹೇಳುವುದನ್ನೇ ಬಾಯಿಪಾಠ ಮಾಡಿಕೊಂಡೆ. "ಆಕಿ ಏನ್ ಹೇಳ್ಯಾಳ, ಅಷ್ಟ ಹೇಳು. ತಾಯಿ ಮಗನ ನಡುವ ನಾವ್ಯಾಕ?" ಎಂದ ಪ್ರಮೋದ. ಮರುದಿನ ಲಂಚ್‌ರೂಮಿನಲ್ಲಿ ಬ್ರಾಹಿಂ ಡಬ್ಬಿ ಕೂಡ ತೆರೆಯದೆ ನನ್ನ ಮುಖ ನೋಡುತ್ತ ಕೂತಿದ್ದ.

"ಆರಾಮಾಗಿದ್ದಾರೆ," ಎಂದು ಫೋಟೋ ಕೊಟ್ಟೆ.

ಅವನು ಫೋಟೋಕ್ಕೆ ಮುತ್ತಿಟ್ಟು ಅತ್ತ. "ಹಾಗಾದ್ರೆ ಕಾಗದ ಬರೋವರೆಗೂ ಕಾಯ್ತೀನಿ," ಎಂದ. ಆಗಲಾದರೂ ಬಾಯಿ ಬಿಡಬಹುದಿತ್ತು. ನಾನು ಮೊಸರನ್ನ ತಿಂದೆ.

ಅವನು ಫೋಟೋವನ್ನು ಲಾಕರಿನ ಬಾಗಿಲಿಗೆ ಅಂಟಿಸಿಕೊಂಡ. ಎರಡು ತಿಂಗಳು ಅದರ ಮುಂದೆಯೇ ಓಡಾಡಿದೆ. ದಿನಾ ಹೇಳಬೇಕೆಂದುಕೊಂಡೆ, ದಿನಾ ಹೇಳಲಿಲ್ಲ. ಒಂದು ಸೋಮವಾರ ಅವನು ಕೆಲಸಕ್ಕೆ ಬರಲಿಲ್ಲ. ಅಮ್ಮ ತೀರಿಕೊಂಡಿದ್ದಳು.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಬುತ್ತಿ ಒಯ್ಯಬೇಕು. ನಮ್ಮ ಕಡೆಯ ಪದ್ಧತಿ. ರೊಟ್ಟಿ ಕಟ್ಟಿಕೊಂಡು ಸರೋವರದ ಪಕ್ಕದ ಪೋರ್ಟ್ ಕ್ರೆಡಿಟ್‌ನಲ್ಲಿದ್ದ ಅವನ ಬೇಸ್‌ಮೆಂಟಿಗೆ ಹೋದೆ. ಒಳಗೆ ಉಸಿರು ಕಟ್ಟುತ್ತದೆ ಎಂದ. ಹೋಗಿ ಸರೋವರದ ದಂಡೆಯ ಬೆಂಚಿನ ಮೇಲೆ ಕೂತೆವು. ದೋಣಿಗಳನ್ನೆಲ್ಲ ಚಳಿಗಾಲಕ್ಕೆ ಮೇಲೆತ್ತಿ ಇಟ್ಟಿದ್ದರು. ಫೋಟೋ ಅವನ ಕೈಯಲ್ಲೇ ಇತ್ತು.

ಗಂಟು ಬಿಚ್ಚಿ ರೊಟ್ಟಿ ಮುಂದೆ ಹಿಡಿದೆ. ಅವನು ರೊಟ್ಟಿ ತೆಗೆದುಕೊಳ್ಳಲಿಲ್ಲ, ನನ್ನ ಕೈಯನ್ನೇ ನೋಡಿದ.

ಜೋಯಿಸರ ಮಾತು ಕೇಳಿ ಅವ್ವ ಕಳಿಸಿದ ಹವಳದ ಉಂಗುರ. ಅಡುಗೆಮನೆಯಲ್ಲಿ ಉಂಗುರ ಹಾಕುವ ಹಾಗಿಲ್ಲ, ಮೇಲಿಂದ ಗ್ಲೌಸು ಬೇರೆ. ಅವನು ಅದನ್ನು ಎಂದೂ ನೋಡಿರಲಿಲ್ಲ. ಫೋಟೋ ಮೇಲೆತ್ತಿದ. ಅಮ್ಮನ ಭುಜದ ಕಪ್ಪು ಶಾಲಿನ ಮೇಲೆ ನಾಲ್ಕು ಬೆರಳು, ಒಂದರಲ್ಲಿ ಕೆಂಪು ಹರಳು.

"ಚಿಕ್ಕಮ್ಮ ಪ್ರೀತಿಯಿಂದ ಕೈ ಹಾಕಿದಾಳೆ ಅಂದ್ಕೊಂಡಿದ್ದೆ," ಎಂದ. ಫೋಟೋದಲ್ಲಿನ ಬೆರಳುಗಳನ್ನು ಹೆಬ್ಬೆರಳಿನಿಂದ ಮುಚ್ಚಿ, "ಕೈ ಬಿಟ್ಟಿದ್ರೆ ಬೀಳ್ತಿದ್ಲಾ?" ಎಂದು ಕೇಳಿದ.

"ಹೌದು."

"ನಾನು ನಿಮ್ಮನ್ನ ಕಳಿಸಿದ್ದೇ ಇದನ್ನ ತಿಳ್ಕೊಳ್ಳೋಕಲ್ವಾ ಸಿಸ್ಟರ್?"

ಬೈದಿದ್ದರೆ ಕಾಲಿಗೆ ಬೀಳುತ್ತಿದ್ದೆ. ಅವನು ಬೈಯಲಿಲ್ಲ. ಎದ್ದು ಹೋದ. ಬುತ್ತಿ ಬೆಂಚಿನ ಮೇಲೆ ಉಳಿಯಿತು. ಆಮೇಲೆ ಶಿಫ್ಟೂ ಬದಲಾಯಿಸಿಕೊಂಡ. ಕಾಗದ ಇನ್ನೂ ಬಂದಿಲ್ಲವೆಂದು ಯಾರೋ ಹೇಳಿದರು.

ಆ ಭಾನುವಾರ ಧಾರವಾಡಕ್ಕೆ ಫೋನು ಮಾಡಿದೆ. "ನಾ ಆರಾಮ ಅದೀನಿ, ನೀ ಕಾಳಜಿ ಮಾಡಬ್ಯಾಡ," ಎಂದಳು ಅವ್ವ. ಎರಡು ಮಾತಿನ ನಡುವೆ ತುಸು ಹೆಚ್ಚೇ ಉಸಿರು ಎಳೆದುಕೊಂಡಳು ಅನಿಸಿತು.

"ಅವ್ವಾ, ಒಂದು ಫೋಟೋ ತೆಗಿಸಿ ಕಳಸು," ಎಂದೆ.

ಮೂರನೆಯ ದಿನ ದಾನಪ್ಪ ಇಮೇಲಿನಲ್ಲಿ ಕಳಿಸಿದ. ಅವ್ವ ನಗುತ್ತಿದ್ದಳು. ನಾನು ಮುಖ ಬಿಟ್ಟು ಮೊದಲು ಭುಜ ನೋಡಿದೆ. ಎರಡೂ ಭುಜದ ಮೇಲೆ ಸೆರಗು ಹೊದ್ದು ಕೂತಿದ್ದಳು. ಏನೂ ಕಾಣಲಿಲ್ಲ.